ಚಂದ್ರಕಾಳಿಯ ಮೇಲೆ ನನ್ನ ಗಿಳಿ

ಹದಿನಾಲ್ಕನೆಯ ವಯಸ್ಸಿಗೆ ನಾನು ಮುಂಬಯಿಯ ಇಡೀ ದಾದರಿಗೆ ಪ್ರಸಿದ್ಧಳಾಗಿದ್ದೆ. ಇಡೀ ದಾದರು ಎಂದರೆ ನಮ್ಮ ಚಾಳಿನ ಎರಡನೆಯ ಮಾಳಿಗೆ. ಅದರಲ್ಲೂ ನಳದ ಮೋರಿಯಿಂದ ಮೆಟ್ಟಿಲಿನವರೆಗಿನ ಒಂಬತ್ತು ಖೋಲಿಗಳು, ಸಂಸಾರಕ್ಕೊಂದರಂತೆ ಒಂಬತ್ತು ಕೋಣೆ. ಆದರೆ ಆ ಒಂಬತ್ತು ಖೋಲಿಗಳಲ್ಲಿ ಐವತ್ತಾರು ಜನ ವಾಸವಾಗಿದ್ದರು. ಎಷ್ಟೋ ಸಂಸ್ಥಾನದ ರಾಣಿಯರನ್ನು ಮುಖ ಕಂಡು ಗುರುತಿಸುವವರು ಅಷ್ಟು ಜನ ಇರಲಿಕ್ಕಿಲ್ಲ. ನನ್ನ ಪ್ರಸಿದ್ಧಿ ಕಸೂತಿಯದು. ನನಗೆ ಕಸೂತಿ ಬರುತ್ತಿರಲಿಲ್ಲ, ಅದು ಬೇರೆ ಮಾತು.

ಈಗ ನನಗೆ ಹದಿನಾರು. ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ. ಅಲ್ಲಲ್ಲಿ ಸ್ವಲ್ಪ ಜಗ್ಗಿ ದೊಡ್ಡದು ಮಾಡಿದ್ದರೆ ಅದು ನನ್ನ ಹುಟ್ಟುಗುಣ. ಅಪ್ಪ ಹೇಳುವ ಪ್ರಕಾರ ನಾನು ಹುಟ್ಟಿದ ದಿನವೇ ಅಗತ್ಯಕ್ಕಿಂತ ಹೆಚ್ಚು ಅತ್ತು, ಪಕ್ಕದ ಮಂಚದ ಕೂಸುಗಳಿಗೆ ನಾಚಿಕೆಯಾಗುವಂತೆ ಮಾಡಿದ್ದೆನಂತೆ.

ನಮ್ಮದು ಧಾರವಾಡದ ಕಡೆಯ ಮನೆತನ. ಅಪ್ಪ ಒಂದು ಗಿರಣಿಯ ಆಫೀಸಿನಲ್ಲಿ ಕಾರಕೂನ. ಒಂದೇ ಖೋಲಿಯಲ್ಲಿ ಅಪ್ಪ, ಅವ್ವ, ಅಕ್ಕ, ನಾನು ಮತ್ತು ಅಪ್ಪನ ತಂಗಿ, ಅಂದರೆ ನನ್ನ ಅತ್ತಿ. ಖೋಲಿ ಎಷ್ಟು ಸಣ್ಣದಿತ್ತೆಂದರೆ ಒಬ್ಬರು ಆಕಳಿಸಿದರೆ ಉಳಿದ ನಾಲ್ವರು ಗೋಡೆಗೆ ಸರಿಯಬೇಕಿತ್ತು. ಅತ್ತಿಯ ಗಂಡ ಅವಳ ಹತ್ತೊಂಬತ್ತನೆಯ ವಯಸ್ಸಿಗೇ ತೀರಿಹೋದ. ಅಂದಿನಿಂದ ನಮ್ಮ ಮನೆಯಲ್ಲೇ. ನನಗೆ ತಿಳಿವಳಿಕೆ ಬಂದಾಗಿನಿಂದ ಅವಳು ಒಲೆಯ ಬಲಗಡೆಯ ಮೂಲೆಯಲ್ಲಿ ಕೂತಿರುತ್ತಿದ್ದಳು. ಮನೆಗೆ ಯಾರಾದರೂ ಬಂದರೆ ಇನ್ನೂ ಸ್ವಲ್ಪ ಒಳಕ್ಕೆ ಸರಿಯುತ್ತಿದ್ದಳು. ಅಲ್ಲಿ ಒಳಕ್ಕೆ ಜಾಗವೇ ಇರಲಿಲ್ಲ, ಆದರೂ ಹೇಗೋ ಸರಿಯುತ್ತಿದ್ದಳು.

ಅಕ್ಕನ ಲಗ್ನ ನಿಶ್ಚಯವಾದ ದಿನ ಎಲ್ಲ ಸುರುವಾಯಿತು. ಹುಡುಗನ ಮನೆ ಸಾಂತಾಕ್ರೂಜ್‌ನಲ್ಲಿ. ಅವರೂ ನಮ್ಮ ಕಡೆಯವರೇ. ಹುಡುಗ ಇದ್ದೂ ಇಲ್ಲದವನಂತೆ ಕೂತಿದ್ದ. ಅವನ ತಾಯಿ ಮಾತ್ರ ಮೂರು ಜನರ ಜಾಗದಲ್ಲಿ ಕೂತಿದ್ದರು. ದಪ್ಪ ಅಂತಲ್ಲ. ಅವರ ಕಣ್ಣಿಗೆ ಜಾಗ ಬೇಕಾಗುತ್ತಿತ್ತು. ಅವ್ವ ಕೊಟ್ಟ ಭಜಿಯನ್ನು ತಿನ್ನುವ ಮೊದಲು ಅವರು ತಿರುವಿ ಹಾಕಿ ಅದರ ಬೆನ್ನು ನೋಡಿದರು. ಆಗಲೇ ನಾನು ತಿಳಿದುಕೊಳ್ಳಬೇಕಿತ್ತು.

ಎಲೆ ಅಡಿಕೆ ಹಾಕಿಕೊಳ್ಳುತ್ತ ಅವರು ಚಂದ್ರಕಾಳಿಯ ಮಾತು ತೆಗೆದರು. ನಮ್ಮ ಮನೆತನಗಳಲ್ಲಿ ಮದುಮಗಳು ಗಂಡನ ಮನೆಗೆ ಹೊರಡುವಾಗ ಉಡುವುದು ಚಂದ್ರಕಾಳಿ ಸೀರೆ. ಬೇರೆ ಯಾವ ಶುಭಕಾರ್ಯಕ್ಕೂ ಕಪ್ಪು ಮುಟ್ಟದ ಜನ ಆ ಒಂದು ಹೊತ್ತಿಗೆ ಅಪ್ಪಟ ಕಪ್ಪು ಇಳಕಲ್ ಸೀರೆ ಉಡಿಸುತ್ತಾರೆ. ಸೆರಗಿಗೂ ಮೈಗೂ ಕಸೂತಿ ಹಾಕಿರಲೇಬೇಕು. ಪೇಟೆಯಲ್ಲಿ ಹಾಕಿಸಿದ್ದು ನಡೆಯುವುದಿಲ್ಲ, ಹೆಣ್ಣಿನ ಮನೆಯ ಕೈಯೇ ಆಗಬೇಕು. ಆ ಕೈ ಮುತ್ತೈದೆಯದೋ ಕನ್ನೆಯದೋ ಆಗಿರಬೇಕು.

ಅವ್ವನ ಮುಖ ಸಣ್ಣದಾಯಿತು. ಅವ್ವನಿಗೆ ಕಸೂತಿ ಬರುತ್ತಿತ್ತು, ಬರುವುದಿಲ್ಲ ಎನ್ನುವ ಹಾಗಿಲ್ಲ. ಅವಳು ಆನೆ ಹಾಕಿದರೆ ಎಮ್ಮೆ ಆಗುತ್ತಿತ್ತು, ಎಮ್ಮೆ ಹಾಕಿದರೆ ಟ್ರಂಕು ಆಗುತ್ತಿತ್ತು. ಅಕ್ಕನಂತೂ ಸೂಜಿ ಕಂಡರೆ ಡಾಕ್ಟರ ನೆನಪಾಗುವ ಹುಡುಗಿ. ಯಾರು ಹಾಕುತ್ತೀರಿ ಎಂದು ಬೀಗತಿ ಕೇಳಿದರು. ಯಾರೋ ಒಬ್ಬರು ಮಾತಾಡಬೇಕಿತ್ತು. ಮಾತಾಡುವ ಕೆಲಸ ಇದ್ದಾಗ ನಾನು ಇನ್ನೊಬ್ಬರಿಗೆ ಬಿಟ್ಟವಳಲ್ಲ.

"ನಾನ ಹಾಕ್ತೀನ್ರಿ" ಎಂದೆ. "ನಂಗ ಎಲ್ಲಾ ಬರ್ತದ."

ಬೀಗತಿ ನನ್ನನ್ನೂ ತಿರುವಿ ಬೆನ್ನು ನೋಡುತ್ತಾರೇನೋ ಅನಿಸಿತು. ನೋಡಲಿಲ್ಲ. ನಕ್ಕು, ಶಾಣ್ಯಾ ಹುಡುಗಿ ಎಂದು ಗಲ್ಲ ಮುಟ್ಟಿ ಹೋದರು. ಅವರು ಮೆಟ್ಟಿಲು ಇಳಿದ ಮೇಲೆ ಅವ್ವ ಮುಟ್ಟಿದ್ದು ಗಲ್ಲವನ್ನಲ್ಲ, ಬೆನ್ನನ್ನು.

ಹೊಡೆತ ತಿಂದು ನಾನು ಅಳುವ ತಯಾರಿಯಲ್ಲಿದ್ದಾಗ ಮೂಲೆಯಿಂದ ಅತ್ತಿ ಮಾತಾಡಿದಳು. ಯಾರೂ ಕರೆಯದೆ ಅವಳು ಮಾತಾಡಿದ್ದನ್ನು ನಾನು ಅಂದೇ ಮೊದಲು ಕೇಳಿದ್ದು.

"ವೈನಿ, ನಾ ಹಾಕ್ತೀನಿ. ಈ ಸಣ್ಣಾಕಿ ಹೆಸರಿನ್ಯಾಗ ಇರ್ಲಿ. ಯಾರಿಗೂ ಹೇಳಬ್ಯಾಡ್ರಿ."

ಅವ್ವ ಆಗದು ಎಂದಳು. ವಿಧವೆಯ ಕೈ ಮದುಮಗಳ ಸೀರೆಗೆ ತಾಗಬಾರದೆಂಬುದು ಅತ್ತಿಗೂ ಗೊತ್ತಿತ್ತು, ನಳಕ್ಕೂ ಗೊತ್ತಿತ್ತು. ಅಪ್ಪ ಪೇಪರು ಮಡಚಿ, ಬಿಚ್ಚಿ, ಮತ್ತೆ ಮಡಚಿದ. ಅತ್ತಿ ತಲೆ ಬಗ್ಗಿಸಿಕೊಂಡೇ ಮುಂದುವರಿಸಿದಳು. ತನ್ನ ಚಂದ್ರಕಾಳಿಯನ್ನು ತಾನೇ ಹಾಕಿಕೊಂಡಿದ್ದಳಂತೆ, ಹದಿನಾರರಲ್ಲಿ. ಒಂದೇ ಸಲ ಉಟ್ಟದ್ದು. ಆಮೇಲೆ ಗಂಡನ ಮನೆಯವರು ಅದನ್ನು ಯಾರಿಗೆ ಕೊಟ್ಟರೋ ಅವಳಿಗೆ ತಿಳಿಯದು.

"ನಂದಂತೂ ಹೋತು. ಇಕಿ ಒಬ್ಬಾಕಿ ಉಟಗೊಂಡು ಮೆಟ್ಟಲಾ ಇಳಿಯೂದು ನೋಡಿದ್ರ ಸಾಕು ನಂಗ. ಮತ್ತೇನೂ ಕೇಳಂಗಿಲ್ಲ."

ಅದಕ್ಕೂ ಅವ್ವ ಒಪ್ಪುತ್ತಿರಲಿಲ್ಲವೇನೋ. ಆದರೆ ಅಕ್ಕ ಅಷ್ಟರಲ್ಲಿ ಅತ್ತಿಯ ಪಕ್ಕಕ್ಕೆ ಹೋಗಿ ಕೂತುಬಿಟ್ಟಿದ್ದಳು. ಕೊನೆಗೆ ಮೊದಲಿನ ಒಂದು ಹೊಲಿಗೆಯನ್ನು ಅವ್ವ ಹಾಕುವುದೆಂದೂ, ಅಷ್ಟರಿಂದ ದೇವರು ಸಮಾಧಾನ ಮಾಡಿಕೊಳ್ಳುವುದೆಂದೂ ನಿಶ್ಚಯವಾಯಿತು. ಅವ್ವ ಆ ಒಂದು ಹೊಲಿಗೆಯನ್ನೂ ಡೊಂಕು ಹಾಕಿದಳು.

ಇನ್ನು ಕಸೂತಿಯ ಬಗ್ಗೆ ಹೇಳಬೇಕು. ಹಾಕಲು ಬಾರದಿದ್ದರೂ ಹೇಳಲು ನನಗೆ ಬಹಳ ಚೆನ್ನಾಗಿ ಬರುತ್ತದೆ. ಇದಕ್ಕೆ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವ ಹಾಗಿಲ್ಲ. ಬಟ್ಟೆಯ ಎಳೆಗಳನ್ನು ಎಣಿಸಬೇಕು. ನಾಲ್ಕು ಎಳೆ ಬಿಟ್ಟು ಸೂಜಿ, ಮತ್ತೆ ನಾಲ್ಕು ಬಿಟ್ಟು ಸೂಜಿ. ದಾರದ ತುದಿಗೆ ಗಂಟು ಹಾಕಬಾರದು. ಹೋದ ದಾರ ಅದೇ ಹಾದಿಯಲ್ಲಿ ತಿರುಗಿ ಬಂದು, ಬಿಟ್ಟುಹೋದ ಜಾಗಗಳನ್ನು ತುಂಬಿ, ಹೊರಟ ಕಡೆಗೇ ಮುಟ್ಟಬೇಕು. ಆಗ ಸೀರೆಯ ಮುಂದೂ ಹಿಂದೂ ಒಂದೇ ಚಿತ್ರ ಕಾಣುತ್ತದೆ. ಒಂದು ಎಳೆ ತಪ್ಪಿದರೆ ನವಿಲಿನ ಕಾಲು ತುಳಸಿಕಟ್ಟೆಯೊಳಗೆ ಹೋಗುತ್ತದೆ.

ಈ ಎಣಿಕೆ ಬಿಳಿ ಬಟ್ಟೆಯ ಮೇಲೆ ಕಷ್ಟ. ಕಪ್ಪಿನ ಮೇಲೆ ಕಪ್ಪು ಎಳೆಗಳನ್ನು ಎಣಿಸುವುದು ಮನುಷ್ಯರ ಕೆಲಸವಲ್ಲ. ಅದಕ್ಕೆ ನೇರ ಬಿಸಿಲು ಬೇಕು. ನಮ್ಮ ಖೋಲಿಗೆ ಬಿಸಿಲು ಎಂದರೆ ಹಿಂದಿನ ಕಿಟಕಿಯಿಂದ ಬೆಳಗ್ಗೆ ಒಂಬತ್ತಕ್ಕೆ ಬರುವ ಒಂದು ಪಟ್ಟಿ. ಅದು ಹಿತ್ತಾಳೆಯ ಕೊಡದ ಮೇಲಿಂದ ಜಾರಿ, ನನ್ನ ಪುಸ್ತಕದ ಟ್ರಂಕು ಹತ್ತಿ, ಹನ್ನೊಂದಕ್ಕೆ ಗೋಡೆಯ ಮೇಲಿನ ಕ್ಯಾಲೆಂಡರಿಗೆ ತಾಗಿ ಹೊರಟುಹೋಗುತ್ತಿತ್ತು. ಇಡೀ ದಿನ ಬೆಳಕು ಇರುವುದು ಎಲ್ಲ ಖೋಲಿಗಳ ಮುಂದೆ ಹಾದುಹೋಗುವ ಗ್ಯಾಲರಿಯಲ್ಲಿ. ಆದರೆ ಗ್ಯಾಲರಿಯಲ್ಲಿ ಐವತ್ತಾರು ಜನರ ನೂರಾಹನ್ನೆರಡು ಕಣ್ಣುಗಳಿದ್ದವು. ಹಾಗಾಗಿ ಅತ್ತಿ ಬಾಗಿಲು ಮುಂದೆ ಮಾಡಿ, ದಿನಕ್ಕೆ ಆ ಎರಡು ತಾಸು ಬಿಸಿಲಿನ ಹಿಂದೆ ಹಿಂದೆಯೇ ಸರಿಯುತ್ತಿದ್ದಳು. ಕೊಡದ ಹತ್ತಿರ ಸುರುಮಾಡಿ ಕ್ಯಾಲೆಂಡರಿನ ಕೆಳಗೆ ಮುಗಿಸುತ್ತಿದ್ದಳು. ಮೋಡ ಮುಚ್ಚಿದ ದಿನ ಕೆಲಸವೇ ಇಲ್ಲ. ಅಂಥ ದಿನ ಅವಳು ಸೀರೆ ಮಡಿಚಿಟ್ಟು ಅಕ್ಕಿ ಆರಿಸುತ್ತಿದ್ದಳು, ಆದರೆ ತುಟಿ ಎಣಿಸುತ್ತಲೇ ಇರುತ್ತಿತ್ತು.

ಮಧ್ಯಾಹ್ನ ಶಾಲೆಯಿಂದ ಬಂದ ಮೇಲೆ ನನ್ನ ಪಾಳಿ. ಸೀರೆಯನ್ನು ತೊಡೆಯ ಮೇಲೆ ಹರವಿಕೊಂಡು ಗ್ಯಾಲರಿಯಲ್ಲಿ ಕೂತು, ದಾರವಿಲ್ಲದ ಸೂಜಿಯನ್ನು ಮೇಲೆ ಕೆಳಗೆ ಆಡಿಸುವುದು. ಚಾಳಿನವರಿಗೆ ಸೀರೆ ಯಾರ ಕೈಯದು ಎಂಬ ಅನುಮಾನ ಬರಬಾರದಲ್ಲ. ನನ್ನಷ್ಟು ಚೆನ್ನಾಗಿ ದಾರವಿಲ್ಲದೆ ಹೊಲಿಯುವವರು ಮುಂಬಯಿಯಲ್ಲಿ ಇನ್ನೊಬ್ಬರಿರಲಿಲ್ಲ. ನಡುನಡುವೆ ಹುಬ್ಬು ಗಂಟಿಕ್ಕುತ್ತಿದ್ದೆ, ಸೂಜಿ ಚುಚ್ಚಿದಂತೆ ಬೆರಳು ಬಾಯಲ್ಲಿಡುತ್ತಿದ್ದೆ, ಕುತ್ತಿಗೆ ನೋಯುತ್ತದೆಂದು ನಿಟ್ಟುಸಿರು ಬಿಡುತ್ತಿದ್ದೆ. ಪಕ್ಕದ ಖೋಲಿಯ ಮರಾಠಿ ಕಾಕು ದಿನವೂ ಬಂದು ನೋಡಿ, ಹಿಂದಿನ ಸಾಯಂಕಾಲ ಇಲ್ಲದ ನವಿಲು ಈಗ ಹೇಗೆ ಬಂತು ಎಂದು ಬೆರಗಾಗುತ್ತಿದ್ದಳು. ಶಾಲೆಗೆ ಹೋಗುವ ಮೊದಲು ಹಾಕಿದೆ ಎನ್ನುತ್ತಿದ್ದೆ. ಅವಳು ತನ್ನ ಇಬ್ಬರು ಹೆಣ್ಣುಮಕ್ಕಳನ್ನು ನನ್ನ ಮುಂದೆ ನಿಲ್ಲಿಸಿ ಬೈಯುತ್ತಿದ್ದಳು. ಮೂಲೆಯ ಖೋಲಿಯಲ್ಲಿದ್ದ ಉಡುಪಿಯ ಮಾಮ ಹೋಟೆಲಿನ ಅಡಿಗೆಯವರು. ಬಹಳ ದೊಡ್ಡ ಕಲಾವಿದೆ ಮಾರಾಯ್ತಿ ನೀನು ಎಂದು ಕಾಗದದಲ್ಲಿ ಕಟ್ಟಿದ ಉದ್ದಿನ ಬಿಸ್ಕೂಟಂಬಡೆ ಕೊಟ್ಟುಹೋಗುತ್ತಿದ್ದರು. ಅತ್ತಿಯ ಕಸೂತಿಗೆ ಬಂದ ಅಂಬಡೆಗಳನ್ನೆಲ್ಲ ನಾನೇ ತಿಂದೆ. ಒಂದನ್ನಾದರೂ ಒಳಗೆ ಒಯ್ದು ಕೊಟ್ಟೆನೆಂದು ಬರೆಯುವ ಆಸೆ ಇದೆ, ಆದರೆ ಕೊಡಲಿಲ್ಲ.

ಸೀರೆಯ ಮೇಲೆ ಏನೇನು ಬಂತೆಂದು ಹೇಳಿದರೆ ನಾನು ಜಗ್ಗುತ್ತಿದ್ದೇನೆ ಎನ್ನುತ್ತೀರಿ. ಸೆರಗಿನ ತುಂಬ ನವಿಲು, ತೊಟ್ಟಿಲು, ಅಂಬಾರಿ ಹೊತ್ತ ಆನೆ, ತುಳಸಿಕಟ್ಟೆ. ಅವು ಎಲ್ಲರೂ ಹಾಕುವಂಥವೇ. ಆದರೆ ದಡಿಯ ಪಕ್ಕದಲ್ಲಿ ಅತ್ತಿ ಒಂದು ಸಾಲು ಬಿಂದಿಗೆಗಳನ್ನು ಹಾಕಿದ್ದಳು. ದೊಡ್ಡದು, ಸಣ್ಣದು, ಒಂದು ಓರೆಯಾದದ್ದು. ಇದು ಯಾವ ಊರಿನ ಮಾದರಿ ಎಂದು ಅವ್ವ ಕೇಳಿದರೆ, ನಮ್ಮ ನಳದ ಮುಂದಿನ ಪಾಳಿ ಎಂದಳು. ಓರೆಯಾದದ್ದು ಮರಾಠಿ ಕಾಕುವಿನದು, ಅವಳದಕ್ಕೆ ತಳ ತಗ್ಗಿತ್ತು. ಅದರ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಒಂದು ಗೆರೆ. ಎಣಿಸಿ ನೋಡಿದೆ: ಹದಿನೆಂಟು. ನಮ್ಮ ಚಾಳಿನ ಮೆಟ್ಟಿಲುಗಳೂ ಹದಿನೆಂಟೇ. ಹೊರಗೆ ಹೆಚ್ಚು ಬಾರದ ಹೆಂಗಸು ಇದನ್ನೆಲ್ಲ ಯಾವಾಗ ಎಣಿಸಿದಳೋ. ಅವಳು ನೋಡಿದ್ದು ಅಷ್ಟೇ. ನೋಡಿದ್ದನ್ನೆಲ್ಲ ಅಕ್ಕನ ಸೀರೆಗೆ ಹಾಕಿದಳು.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಮೂರು ತಿಂಗಳು ದಿನಾ ಹೊಗಳಿಸಿಕೊಂಡರೆ ಕಲ್ಲಿಗೂ ತಾನು ದೇವರೆನಿಸುತ್ತದೆ, ನಾನು ಮೊದಲೇ ಅರ್ಧ ದಾರಿಯಲ್ಲಿದ್ದವಳು. ಲಗ್ನಕ್ಕೆ ಒಂದು ತಿಂಗಳಿರುವಾಗ ಒಂದು ದಿನ ಅತ್ತಿಗೆ ಜ್ವರ ಬಂತು. ಅವಳು ಕಂಬಳಿ ಹೊದ್ದು ಮಲಗಿದ್ದಳು. ಅವ್ವ, ಅಕ್ಕ ಬಟ್ಟೆ ಖರೀದಿಗೆ ಹೋಗಿದ್ದರು. ಗ್ಯಾಲರಿಯಲ್ಲಿ ಕಾಕುವಿನ ದೊಡ್ಡ ಮಗಳು, ಬೈಸಿಕೊಂಡ ಸಿಟ್ಟಿಗೆ, ನನ್ನ ಸೂಜಿಯಲ್ಲಿ ದಾರ ಇರುವುದನ್ನು ತಾನು ಒಂದು ದಿನವೂ ನೋಡಿಲ್ಲ ಎಂದಳು. ಸುಮ್ಮನಿರಬಹುದಿತ್ತು. ನಾನು ಒಳಗೆ ಹೋಗಿ ಅತ್ತಿಯ ಡಬ್ಬಿಯಿಂದ ಹಸಿರು ರೇಶ್ಮೆ ದಾರ ತಂದು, ಅವಳೆದುರಿಗೇ ಪೋಣಿಸಿ, ಸೆರಗಿನ ಅಂಚಿನಲ್ಲಿ ಒಂದು ಗಿಳಿ ಹಾಕಿದೆ.

ಮೇಲಿನಿಂದ ನೋಡಿದರೆ ಅದು ಗಿಳಿಯೇ. ದೂರದಿಂದ, ಕಣ್ಣು ಸ್ವಲ್ಪ ಮುಚ್ಚಿ ನೋಡಿದರೆ. ಹಿಂದೆ ತಿರುವಿದರೆ ಮಾತ್ರ ಯಾರೋ ಶಾವಿಗೆ ಚೆಲ್ಲಿದ ಹಾಗಿತ್ತು. ಗಂಟೇ ಹಾಕಬಾರದ ಕೆಲಸಕ್ಕೆ ನಾನು ಏಳು ಗಂಟು ಹಾಕಿದ್ದೆ. ಕಾಕುವಿನ ಮಗಳು ಹಿಂದೆ ತಿರುವಲಿಲ್ಲ. ಹೆಮ್ಮೆಯಿಂದ ಎದ್ದು ಒಳಗೆ ಬಂದು ಸೀರೆಯನ್ನು ಮಡಿಚಿಟ್ಟೆ.

ಜ್ವರ ಬಿಟ್ಟ ಬೆಳಗ್ಗೆ ಅತ್ತಿ ಅದನ್ನು ಕಂಡಳು. ನಾನು ಬೈಗಳಿಗೆ ಕಾದು ನಿಂತಿದ್ದೆ. ಅವಳು ಹಿಂದೆ ತಿರುವಿ, ಮುಂದೆ ತಿರುವಿ ನೋಡಿ, ಉಗುರಿನಿಂದ ಒಂದು ಗಂಟನ್ನು ಮುಟ್ಟಿದಳು. ಈಗಲೇ ಬಿಚ್ಚಿಬಿಡು ಎಂದೆ.

"ಇರ್ಲಿ ಬಿಡು. ನಿನ್ನ ಗಿಳಿ ಹಾರಿ ಹೋಗಂಗಿಲ್ಲ" ಎಂದಳು. "ಜ್ವರದಾಗ ಮೂರು ದಿನದ ಬಿಸಲು ಹಾಳಾತು. ಮದಲ ಸೆರಗು ಮುಗಸ್ತೀನಿ, ಕಡೀಕ ಇದನ್ನ ತಗದರಾತು."

ಗಿಳಿ ಬಿಚ್ಚಲು ಒಂದು ಬೆಳಗಿನ ಬಿಸಿಲು ಬೇಕಿತ್ತು. ಅವಳಲ್ಲಿ ಬಿಸಿಲು ಉಳಿದದ್ದೇ ಲೆಕ್ಕದ್ದು. ಅದನ್ನು ಅವಳು ನವಿಲಿಗೆ ಇಟ್ಟುಕೊಂಡಳು.

ಆ ವಾರದಲ್ಲೇ ಒಂದು ಮಧ್ಯಾಹ್ನ ಬೀಗತಿ ಹೇಳದೆ ಕೇಳದೆ ಬಂದರು. ದಾದರಿನಲ್ಲಿ ಏನೋ ಕೆಲಸವಿತ್ತಂತೆ, ಹಾಗೇ ಲೋಕಲ್ ಇಳಿದು ಈ ಕಡೆ ಬಂದರಂತೆ. ನಾನು ಗ್ಯಾಲರಿಯಲ್ಲಿ ನನ್ನ ಸಿಂಹಾಸನದ ಮೇಲಿದ್ದೆ, ಸೀರೆ ತೊಡೆಯ ಮೇಲೆ. ಮೆಟ್ಟಿಲಿನ ತುದಿಯಲ್ಲಿ ಅವರ ತಲೆ ಕಂಡ ಕೂಡಲೇ, ಹಾಕಿ ತೋರಿಸು ಎಂದಾರೆಂದು ಕೈಗೆ ಸಿಕ್ಕ ಚಿಂದಿಯನ್ನು ಬೆರಳಿಗೆ ಸುತ್ತಿಕೊಂಡೆ. ಅವಸರದಲ್ಲಿ ಎರಡು ಬೆರಳಿಗೆ ಸುತ್ತುವುದು ನಾಲ್ಕಕ್ಕಾಯಿತು. ಏನಾಯಿತೆಂದು ಅವರು ಕೇಳಿದಾಗ ಒಲೆ ತಾಗಿತೆಂದೆ. ಅವ್ವ ಒಳಗಿನಿಂದ ಬಂದು, ಅದೇ ಹೊತ್ತಿಗೆ, ಬಾಗಿಲಲ್ಲಿ ಸಿಕ್ಕಿತು ಎಂದಳು. ನನ್ನ ಸುಳ್ಳು ನನ್ನದು, ಅವ್ವನ ಸುಳ್ಳು ಅವ್ವನದು. ಮುಂಚೆ ಕೂಡಿ ಮಾತಾಡಿಕೊಂಡಿರಲಿಲ್ಲ.

ಬೀಗತಿ ನಗಲಿಲ್ಲ. ಒಳಗೆ ಬಂದು ಚಾಪೆಯ ಮೇಲೆ ಕೂತು ಸೀರೆಯನ್ನು ಬಿಚ್ಚಿ ಬಾಗಿಲಿನ ಬೆಳಕಿಗೆ ಹಿಡಿದರು. ಆನೆಯನ್ನು ನೋಡಿದರು, ಆನೆಯ ಬೆನ್ನ ಹಿಂದೆ ನೋಡಿದರು. ಬಿಂದಿಗೆಗಳ ಮೇಲೆ ಒಂದೊಂದಾಗಿ ಬೆರಳಾಡಿಸಿದರು. ಅವರ ಮುಖ ಮೆತ್ತಗಾಗುತ್ತ ಬಂತು. ಇವರಿಗೆ ಕಸೂತಿ ನಿಜವಾಗಿ ಗೊತ್ತು ಎಂದು ನನಗೆ ಆಗ ತಿಳಿಯಿತು. ಅದು ಗೊತ್ತಿಲ್ಲದವರಾಗಿದ್ದರೆ ಎಲ್ಲ ಸುಸೂತ್ರವಾಗುತ್ತಿತ್ತು. ಆಮೇಲೆ ಅವರ ಬೆರಳು ಸೆರಗಿನ ಅಂಚಿಗೆ ಬಂತು, ಗಿಳಿಯ ಮೇಲೆ ನಿಂತಿತು, ಹಿಂದೆ ತಿರುವಿತು.

"ಇದು ನಿಂದು" ಎಂದರು ನನಗೆ. "ಉಳದದ್ದು ಯಾರದು?"

ಎಲ್ಲ ನನ್ನದೇ, ಗಿಳಿಯ ದಿನ ಬೆರಳು ಸುಟ್ಟಿತ್ತು ಎಂದೆ. ಅವ್ವ ನಡುವೆ ಬಂದು, ಇಲ್ಲ, ಉಳಿದದ್ದು ತನ್ನದು ಎಂದಳು. ಬೀಗತಿ ಅವ್ವನ ಎಡಗೈ ಹಿಡಿದು ಬೆರಳ ತುದಿಗಳನ್ನು ನೋಡಿದರು. ಮೂರು ತಿಂಗಳು ಸೂಜಿಯ ಮೊನೆ ತಾಗಿದ ಬೆರಳು ಹೇಗಿರುತ್ತದೆಂದು ಅವರಿಗೆ ಗೊತ್ತಿತ್ತು. ಅವ್ವನ ಬೆರಳ ಮೇಲೆ ಅರಿಶಿನದ ಕಲೆ ಬಿಟ್ಟರೆ ಏನೂ ಇರಲಿಲ್ಲ. ಅವರು ಕೈ ಬಿಟ್ಟು ನಮ್ಮ ಖೋಲಿಯನ್ನೊಮ್ಮೆ ನೋಡಿದರು. ನೋಡಲು ಇನ್ನೊಂದೇ ಮೂಲೆ ಉಳಿದಿತ್ತು.

"ನಂದ್ರಿ" ಎಂದಳು ಅತ್ತಿ, ಅಲ್ಲಿಂದ. "ಅವರಿಬ್ಬರದೇನೂ ತಪ್ಪಿಲ್ಲ. ನಾನ ಕೇಳಿ ಹಾಕಿದ್ದು."

ಬೀಗತಿ ಕೂಗಾಡುತ್ತಾರೆ, ಲಗ್ನ ಮುರಿಯುತ್ತದೆ, ಪೊಲೀಸರು ಬರುತ್ತಾರೆ ಎಂದು ನಾನು ಒಂದು ನಿಮಿಷದಲ್ಲಿ ಎಲ್ಲ ಊಹಿಸಿಕೊಂಡೆ. ಅವರು ಕೂಗಾಡಿದ್ದರೆ ನಾನು ಅವರನ್ನು ಇವತ್ತಿಗೂ ನೆಮ್ಮದಿಯಾಗಿ ದ್ವೇಷಿಸಬಹುದಿತ್ತು. ಅವರು ಸೀರೆಯನ್ನು ಮಡಿಕೆಯ ಮೇಲೆ ಮಡಿಕೆ ಕೂಡಿಸಿ, ಒಂದು ಸುಕ್ಕೂ ಬೀಳದ ಹಾಗೆ ಮಡಿಚಿದರು. ಮಡಿಚಿ ನಮ್ಮ ಕಡೆ ಸರಿಸಿದರು.

"ಇಂಥಾ ಕೈ ನಾ ನೋಡಿಲ್ಲವಾ" ಎಂದರು ಅತ್ತಿಯ ಕಡೆ ತಿರುಗಿ. ಅವರ ಕಣ್ಣಲ್ಲಿ ನೀರಿತ್ತು. "ಖರೇನ ಹೇಳ್ತೀನಿ, ನಮ್ಮವ್ವನ ಕೈಯಾಗೂ ನೋಡಿಲ್ಲ. ಆದ್ರ ನಂಗ ಇರಾಂವ ಒಬ್ಬನ ಮಗಾ."

ಅತ್ತಿ ಹೌದೆನ್ನುವಂತೆ ತಲೆ ಆಡಿಸಿದಳು. ಅದನ್ನು ನೋಡುವುದೇ ನನಗೆ ಕಷ್ಟವಾಯಿತು. ಲಗ್ನಕ್ಕೆ ಏನೂ ಅಡ್ಡಿಯಿಲ್ಲ, ಆದರೆ ಈ ಕಸೂತಿ ತಮ್ಮ ಹೊಸ್ತಿಲು ದಾಟಬಾರದು ಎಂದು ಬೀಗತಿ ಹೇಳಿ ಹೋದರು. ಅವರನ್ನು ಸ್ಟೇಶನ್ನಿಗೆ ಮುಟ್ಟಿಸಲು ಅಕ್ಕನನ್ನು ಕಳಿಸಿದೆವು.

ಹೊಸ ಚಂದ್ರಕಾಳಿ ಊರಿನಿಂದ ತರಿಸಲು ಹೊತ್ತಿರಲಿಲ್ಲ. ಇದ್ದ ಸೀರೆಯ ಕಸೂತಿಯನ್ನೇ ಬಿಚ್ಚಿ, ಸೀರೆಯನ್ನು ಅರಿಶಿನದ ನೀರಲ್ಲಿ ಅದ್ದಿ ತೆಗೆದು, ಅವ್ವ ಅದರ ಮೇಲೆ ತನಗೆ ಬಂದಷ್ಟು ಹಾಕುವುದೆಂದು ಅಪ್ಪ ಅವ್ವ ನಿರ್ಧರಿಸಿದರು. ಅಕ್ಕ ಒಮ್ಮೆ, ನಾನು ಅದನ್ನೇ ಉಡುತ್ತೇನೆ ಎಂದು ಮೆಲ್ಲಗೆ ಅಂದಳು. ಅವ್ವ ಅವಳ ಮುಖ ನೋಡಿದಳು. ಅಕ್ಕ ಎರಡನೆಯ ಸಲ ಅನ್ನಲಿಲ್ಲ. ಅವ್ವ ಕತ್ತರಿ ತೆಗೆದುಕೊಂಡಾಗ ಅತ್ತಿ ಎದ್ದು ಬಂದಳು.

"ಕತ್ತರಿ ಬ್ಯಾಡ್ರಿ ವೈನಿ. ಸೀರಿ ಎಳಿ ಕಡೀತಾವ. ನಾನ ಬಿಚ್ತೀನಿ."

ಹಾಕಲಿಕ್ಕೆ ಆಗದ ಕೈ ಬಿಚ್ಚಲಿಕ್ಕೆ ಆಗುತ್ತಿತ್ತು. ಬಿಚ್ಚುವುದಕ್ಕೆ ಯಾವ ಶಾಸ್ತ್ರವೂ ಅಡ್ಡ ಬರಲಿಲ್ಲ. ಮುಚ್ಚಿಡಬೇಕಾದ ಕಾರಣವೂ ಇರಲಿಲ್ಲ. ಹಾಗಾಗಿ ಅತ್ತಿ ಮರುದಿನ ಬೆಳಗ್ಗೆ ಸೀರೆ ತೆಗೆದುಕೊಂಡು ಗ್ಯಾಲರಿಗೆ ಬಂದು ಕೂತಳು. ಬೆಳಗ್ಗೆಯಿಂದ ಸಾಯಂಕಾಲದವರೆಗೆ ಅಲ್ಲಿ ಬೆಳಕು. ಸರಿಯಬೇಕಾಗಿಲ್ಲ, ಓಡಬೇಕಾಗಿಲ್ಲ. ಅಷ್ಟು ಬೆಳಕಿನಲ್ಲಿ ತನ್ನ ಕೆಲಸವನ್ನು ಅವಳು ನೋಡಿದ್ದು ಅದೇ ಮೊದಲು. ಒಂದು ನವಿಲನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿ, ಇದರ ಕುತ್ತಿಗೆ ಒಂದು ಎಳೆ ಉದ್ದ ಆಗಿದೆ ನೋಡು ಎಂದು ನನಗೆ ತೋರಿಸಿದಳು. ನನಗೆ ಕಾಣಲಿಲ್ಲ. ಆಮೇಲೆ ಸೂಜಿಯ ಹಿಂಬದಿಯಿಂದ ದಾರ ಎತ್ತಿದಳು.

ಶಾಲೆಗೆ ಸೂಟಿಯ ದಿನಗಳಾದ್ದರಿಂದ ನಾನೂ ಜೊತೆಗೆ ಕೂತೆ. ಮೊದಲು ಬಿಚ್ಚಿದ್ದು ನನ್ನ ಗಿಳಿಯನ್ನು, ನಾನೇ. ಏಳು ಗಂಟಿಗೆ ಅರ್ಧ ದಿನ ಹಿಡಿಯಿತು. ಅತ್ತಿಯ ನವಿಲು ಹಾಗಲ್ಲ. ತುದಿ ಸಿಕ್ಕರೆ ಸಾಕು, ದಾರ ತಾನಾಗಿಯೇ ಹಾದಿ ಹೇಳುತ್ತಿತ್ತು. ಬಾಲದಿಂದ ಕೊಕ್ಕಿಗೆ, ಕೊಕ್ಕಿನಿಂದ ಕಾಲಿಗೆ, ಅಲ್ಲಿಂದ ತಿರುಗಿ ಬಾಲಕ್ಕೆ. ಎರಡನೆಯ ದಿನಕ್ಕೆ, ಮುಂದಿನ ಹೊಲಿಗೆ ಎಲ್ಲಿ ಇರುತ್ತದೆಂದು ನೋಡುವ ಮೊದಲೇ ನನ್ನ ಬೆರಳಿಗೆ ಗೊತ್ತಾಗತೊಡಗಿತು. ನಾನು ಕಸೂತಿ ಕಲಿತದ್ದು ಹಾಗೆ. ಈಗ ನನಗೆ ನಿಜವಾಗಿಯೂ ಬರುತ್ತದೆ, ನವಿಲು ಹಾಕಿದರೆ ಹಿಂದೂ ಮುಂದೂ ಒಂದೇ. ಆದರೆ ಯಾವಾಗ ಹಾಕಿದರೂ ಏನೋ ತಿರುಗುಮುರುಗು ಮಾಡುತ್ತಿದ್ದೇನೆ ಅನಿಸುತ್ತದೆ.

ಮೂರನೆಯ ದಿನ ಮರಾಠಿ ಕಾಕು ನೀರು ತುಂಬಲು ಬಂದವಳು ನಮ್ಮನ್ನು ನೋಡಿ ನಿಂತಳು. ಅತ್ತಿ ಆಗ ಬಿಂದಿಗೆಗಳ ಸಾಲನ್ನು ಬಿಚ್ಚುತ್ತಿದ್ದಳು. ಕಾಕುವಿಗೆ ಸಿಟ್ಟು ಬಂತು. ಪಾಪ, ನನ್ನ ಮೇಲಿನ ಪ್ರೀತಿಗೆ. ಈ ಎಳೆ ಹುಡುಗಿ ಮೂರು ತಿಂಗಳು ಕಣ್ಣು ಹಾಳುಮಾಡಿಕೊಂಡು ಹಾಕಿದ್ದನ್ನು ನೀನು ಕೂತು ಕಿತ್ತುಹಾಕುತ್ತೀಯಲ್ಲ, ನಿನಗೆ ಕರುಳಿಲ್ಲವೇ, ನಿನಗೆ ಆಗದ ಸುಖ ಇನ್ನೊಬ್ಬರಿಗೂ ಆಗಬಾರದೆಂದೇ ಎಂದು ಮರಾಠಿಯಲ್ಲಿ, ಇಡೀ ಗ್ಯಾಲರಿಗೆ ಕೇಳುವ ಹಾಗೆ ಬೈದಳು. ಒಂಬತ್ತು ಖೋಲಿಯ ಬಾಗಿಲುಗಳಲ್ಲೂ ಜನ ನಿಂತರು. ಉಡುಪಿಯ ಮಾಮ ಕೂಡ ನಿಂತಿದ್ದರು.

ಬಾಯಿ ತೆರೆಯಬೇಕಾದದ್ದು ಆಗ. ಮಾತಾಡುವ ಕೆಲಸ ಇನ್ನೊಬ್ಬರಿಗೆ ಬಿಟ್ಟವಳಲ್ಲ ಎಂದು ಮೇಲೆ ಬರೆದಿದ್ದೇನೆ. ಆ ದಿನ ಬಿಟ್ಟೆ. ಇದು ಅತ್ತಿಯದು ಎಂದು ಹೇಳಲು ಎರಡೇ ಶಬ್ದ ಸಾಕಿತ್ತು, ಮರಾಠಿಯಲ್ಲೂ ಎರಡೇ. ಲಗ್ನದ ಮನೆಯ ಗುಟ್ಟು ಹೊರಬಿದ್ದರೆ ಅವ್ವ ಕೊಲ್ಲುತ್ತಾಳೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಕಾರಣವಲ್ಲ. ಐವತ್ತಾರು ಜನರ ಮುಂದೆ ನಾನು ಕಲಾವಿದೆಯಾಗಿ ಉಳಿಯಬೇಕಿತ್ತು. ತಲೆ ಬಗ್ಗಿಸಿ, ದುಃಖಪಡುವ ಕಲಾವಿದೆಯ ಹಾಗೆ ಮುಖ ಮಾಡಿಕೊಂಡು ಕೂತೆ. ಬಹಳ ಚೆನ್ನಾಗಿ ಮಾಡಿದೆ ಕೂಡ.

ಅತ್ತಿ ಓರೆಯಾದ ಬಿಂದಿಗೆಯ ದಾರ ಎಳೆದು, ರಟ್ಟಿನ ತುಂಡಿಗೆ ಸುತ್ತಿದಳು. ಕಾಕು ಕೊಡ ಎತ್ತಿಕೊಂಡು ಹೋದಳು.

ಬಿಚ್ಚಿದ ಜಾಗದಲ್ಲೆಲ್ಲ ಸೂಜಿಯ ಸಣ್ಣ ಸಣ್ಣ ತೂತುಗಳು ಉಳಿದಿದ್ದವು. ಅತ್ತಿ ಪ್ರತಿಯೊಂದನ್ನೂ ಹೆಬ್ಬೆರಳಿನ ಉಗುರಿನಿಂದ ಅಡ್ಡ ಉದ್ದ ಉಜ್ಜಿ, ಎಳೆಗಳನ್ನು ಕೂಡಿಸಿದಳು. ಹಾಕಲು ಮೂರು ತಿಂಗಳು ಹಿಡಿದದ್ದು ಒಂಬತ್ತು ದಿನದಲ್ಲಿ ಹೋಯಿತು. ಅದೇ ದಾರದಿಂದ ಅವ್ವ ನಾಲ್ಕು ಆನೆ ಹಾಕಿದಳು. ಅವು ಎಮ್ಮೆಗಳೇ ಆದವು. ನಗಬೇಕೆಂದು ನಾನೂ ಅಕ್ಕನೂ ಪ್ರಯತ್ನಪಟ್ಟೆವು.

ಲಗ್ನ ಒಂದು ಹಾಲ್‌ನಲ್ಲಿ ಆಯಿತು. ಮನೆ ಕಾಯಲು ಯಾರಾದರೂ ಇರಬೇಕೆಂದು ಅತ್ತಿಯೇ ಹೇಳಿ ಹಿಂದೆ ಉಳಿದಳು. ನಮ್ಮ ಮನೆಯಲ್ಲಿ ಕಳ್ಳರು ಒಯ್ಯುವಂಥದ್ದು ಎರಡು ಕೊಡ ಮತ್ತು ನನ್ನ ಭೂಗೋಳದ ಪುಸ್ತಕ ಮಾತ್ರ. ಅಕ್ಕ ಚಂದ್ರಕಾಳಿ ಉಟ್ಟು ನಮ್ಮ ಮೆಟ್ಟಿಲು ಇಳಿಯಲೇ ಇಲ್ಲ; ಹಾಲ್‌ನಿಂದಲೇ ಸಾಂತಾಕ್ರೂಜ್‌ಗೆ ಹೊರಟಳು. ಹೊರಡುವ ಹೊತ್ತಿಗೆ ಚಂದ್ರಕಾಳಿ ಉಡಿಸಿದರು. ಬೀಗತಿ ಬಂದು ಅವ್ವನ ಎಮ್ಮೆಗಳನ್ನು ನೋಡಿದರು. ಈ ಸಲ ಹಿಂದೆ ತಿರುವಲಿಲ್ಲ. ಕುಂಕುಮ ಹಚ್ಚಿ ಒಪ್ಪಿಕೊಂಡರು.

ನಾನು ಅಕ್ಕನ ಸುತ್ತ ಮೂರು ಸಲ ಸುತ್ತಿದೆ. ಏನು ಪ್ರದಕ್ಷಿಣೆ ಹಾಕುತ್ತೀ ಎಂದು ಯಾರೋ ನಕ್ಕರು. ಸೆರಗಿನ ಅಂಚಿನಲ್ಲಿ, ದಡಿಯ ಪಕ್ಕದಲ್ಲಿ, ಬೆನ್ನ ಮೇಲೆ ಎಲ್ಲ ಕಡೆ ಹುಡುಕಿದೆ. ಒಂದು ತೂತಾದರೂ, ಒಂದು ಎಳೆ ದಾರವಾದರೂ ಇರಬಹುದೆಂದು. ಏನೂ ಇರಲಿಲ್ಲ. ಬರೀ ಕಪ್ಪು. ಹಾಕುವುದರಲ್ಲಿ ಇದ್ದಷ್ಟೇ ನಾಜೂಕು ಅವಳಿಗೆ ಬಿಚ್ಚುವುದರಲ್ಲೂ ಇತ್ತು.

ಸಾಯಂಕಾಲ ಎಲ್ಲರಿಗಿಂತ ಮೊದಲು ನಾನು ಬುಂದಿ ಲಾಡಿನ ಗಂಟು ಹಿಡಿದು ಮನೆಗೆ ಬಂದೆ. ಅತ್ತಿ ಅದೇ ಮೂಲೆಯಲ್ಲಿದ್ದಳು. ಅಕ್ಕ ಅತ್ತಳೇ, ಊಟ ಚೆನ್ನಾಗಿತ್ತೇ ಎಂದೆಲ್ಲ ಕೇಳಿದಳು. ಸೀರೆಯ ಸುದ್ದಿ ಮಾತ್ರ ಕೇಳಲಿಲ್ಲ. ಅವಳು ಕೇಳುವುದಿಲ್ಲ ಎಂದು ಗೊತ್ತಾದಾಗ ನನಗೆ ತಡೆಯಲಾಗಲಿಲ್ಲ. ನನಗೆ ಬರುವುದು ಒಂದೇ ವಿದ್ಯೆ, ಅದನ್ನೇ ಮಾಡಿದೆ.

"ಅತ್ತಿ, ಒಂದು ನವಿಲು ಉಳದಿತ್ತು" ಎಂದೆ. "ನಿರಿಗಿ ಒಳಗ. ನೀ ನೋಡಿರಲಿಲ್ಲ. ಯಾರೂ ನೋಡಲಿಲ್ಲ. ಅಕ್ಕ ಅದನ್ನ ಉಟಗೊಂಡ ಹೋದಳು."

ಅಷ್ಟಕ್ಕೇ ಬಿಡಲಿಲ್ಲ. ನವಿಲಿನ ಬಾಲ ಹಳದಿ ಇತ್ತೆಂದೆ, ಅಕ್ಕ ಹೆಜ್ಜೆ ಇಟ್ಟಾಗಲೆಲ್ಲ ಅದು ಹೊರಗೆ ಬಂದು ಒಳಗೆ ಹೋಗುತ್ತಿತ್ತೆಂದೆ, ಬೀಗತಿಯ ಹೊಸ್ತಿಲನ್ನೂ ಅದು ದಾಟಿರಬೇಕು ಈ ಹೊತ್ತಿಗೆ ಎಂದೆ. ಹೇಳುತ್ತ ಹೇಳುತ್ತ ನನಗೇ ಅದು ಕಂಡಿತು.

ಅತ್ತಿ ಕೊನೆಯ ತನಕ ಕೇಳಿದಳು. ನಾನು ನಿಲ್ಲಿಸಿದ ಮೇಲೆ ಕೈ ಚಾಚಿ ಲಾಡಿನ ಗಂಟು ತೆಗೆದುಕೊಂಡಳು.

"ಇಲ್ಲವಾ" ಎಂದಳು. "ಎಣಿಸೇ ಬಿಚ್ಚೀನಿ. ಒಂದೂ ಬಿಟ್ಟಿಲ್ಲ."

ಗಂಟು ಬಿಚ್ಚಿ, ಲಾಡುಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು.